ಸಹಾಯ ಬೇಕು: ಬೇಸ್ ಗಿಟಾರಿನ ಗುಂಯ್ ಸದ್ದು ನಿಲ್ಲಿಸುವುದು ಹೇಗೆ?

ಸುರತ್ಕಲ್‌ನಲ್ಲಿ ಒಬ್ಬರಿಂದ 9,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಜಾಝ್ ಬೇಸ್ ಮಾದರಿಯ ಗಿಟಾರ್ ತಗೊಂಡೆ. ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಗಳಲ್ಲಿ ನುಡಿಸಲಿಕ್ಕೆ. ನೆಕ್ ನೆಟ್ಟಗಿದೆ, ಅದನ್ನೇ ನೋಡಿ ಕೊಂಡದ್ದು.

ತೊಂದರೆ ಸದ್ದಿನದ್ದು. ಎರಡೂ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗ) ವಾಲ್ಯೂಮ್ ಫುಲ್ ಇಟ್ಟರೆ ಸುಮ್ಮನಿರುತ್ತದೆ. ಒಂದನ್ನು ಇಳಿಸಿದರೆ ಸಾಕು, ಗುಂಯ್ ಅಂತ ಶುರು. ತಂತಿ ಮುಟ್ಟಿದರೂ ನಿಲ್ಲುವುದಿಲ್ಲ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಅಂದ ಮೇಲೆ ಇದು ಇದ್ದದ್ದೇ ಅಲ್ವಾ? ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಎಷ್ಟು ಕಡಿಮೆಯಾದೀತು? ಅಥವಾ ಈ ಗುಂಯ್ ಸದ್ದು (ಹಮ್) ಬಾರದ ಪಿಕಪ್ಪೇ ಹಾಕಿಸಬೇಕಾ? ಗಿಟಾರಿನಷ್ಟೇ ದುಡ್ಡು ಪಿಕಪ್‌ಗೂ ಸುರಿಯಲು ಮನಸ್ಸಿಲ್ಲ.

ಇನ್ನೊಂದು, ನಮ್ಮ ಕಡಲ ಗಾಳಿಗೆ ನಿಕ್ಕಲ್ ತಂತಿ ಬೇಗ ಹಾಳಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿ ಬಳಸಿದವರಿದ್ದೀರಾ?

ಮಂಗಳೂರು, ಉಡುಪಿ ಕಡೆ ಗಿಟಾರ್ ವೈರಿಂಗ್ ಗೊತ್ತಿರುವವರಿದ್ದರೆ ತಿಳಿಸಿ. ಟಿವಿ ರಿಪೇರಿಯವರ ಹತ್ತಿರ ಒಯ್ದಿದ್ದೆ, ನೋಡಿ ನಕ್ಕರು. ಮುಂದಿನ ತಿಂಗಳು ಕುಲಶೇಖರದಲ್ಲಿ ಒಂದು ರೋಸ್ ಇದೆ.