ಪಿತ್ತಕೋಶದ ಆಪರೇಷನ್ ಕೆಟ್ಟೈತಿ, ನರ್ಸಿಂಗ್ ಹೋಂನವರು ಕೇಸ್ ಶೀಟ್ ಕೊಡವಲ್ರು. ದೂರು ಎಲ್ಲಿ ಕೊಡಬೇಕ್ರಿ?

ಶಿಗ್ಗಾಂವಿಕರ್:
ನಮಸ್ಕಾರ ರೀ. ನಮ್ಮ ಅವ್ವಗ 58 ವರ್ಷ. ಪಿತ್ತಕೋಶದಾಗ ಹರಳು ಅಂತ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನ್ಯಾಗ ಲ್ಯಾಪ್ರೋಸ್ಕೋಪಿ ಆಪರೇಷನ್ ಆತು. ಎರಡನೇ ದಿನಕ್ಕ ಹೊಟ್ಟಿ ಉಬ್ಬಿತು, ಜ್ವರ ಬಂತು, ಪೈಪಿನ್ಯಾಗ ಹಸಿರು-ಹಳದಿ ನೀರು ಬರಾಕ ಹತ್ತಿತು. "ಗ್ಯಾಸ್ ಐತಿ, ಇಳೀತೈತಿ" ಅಂದ್ರು. ಐದನೇ ದಿನ ಕಣ್ಣು ಹಳದಿ ಆದ್ವು. ಆರನೇ ದಿನ ಹಠ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ದ್ವಿ. ಅಲ್ಲಿ ಪಿತ್ತನಾಳಕ್ಕ ಪೆಟ್ಟಾಗೇತಿ ಅಂದ್ರು, ಮೊದಲ ಪೈಪ್ ಹಾಕಿ ಪಿತ್ತ ತಗದು, ಎರಡು ತಿಂಗಳ ಮ್ಯಾಲೆ ಹೊಟ್ಟಿ ತಗದು ನಾಳಕ್ಕ ಕರುಳು ಜೋಡಿಸಿದ್ರು.

ಮೊದಲನೇ ಕಡೆ 85,000 ಕೊಟ್ಟೇವಿ, ರಸೀದಿ ಇರೋದು 55,000ಕ್ಕ. ಎರಡನೇ ಕಡೆ 4,60,000 ಆತು. ಮೊದಲನೇ ಆಪರೇಷನ್ ಆಗಿ 1 ವರ್ಷ 4 ತಿಂಗಳಾತು. ಕೇಸ್ ಶೀಟ್ ಕೇಳಿದ್ರ "ಕೋರ್ಟ್ ಆರ್ಡರ್ ತರ್ರಿ" ಅಂತಾರ. ಬಿಟ್ಟು ಬರುವಾಗ ಒಂದು ಕಾಗದದ ಮ್ಯಾಲೆ ಸಹಿ ಬ್ಯಾರೆ ತಗೊಂಡಾರ. ಪೊಲೀಸ್ ಕಡೆ ಹೋಗೂದೋ, ಗ್ರಾಹಕರ ಕೋರ್ಟಿಗೋ? ಹುಬ್ಬಳ್ಳಿಯೊಳಗೋ, ನಮ್ಮ ಜಿಲ್ಲಾ ಹಾವೇರಿಯೊಳಗೋ?

ಕೋರ್ಟ್ ಸರ್ಕಲ್:
ಮೊದಲು ಲೆಕ್ಕ ಹಿಡೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 69ರ ಪ್ರಕಾರ ದೂರು ಹಾಕುವ ಅವಧಿ 2 ವರ್ಷ. ನಿಮಗೆ ಉಳಿದದ್ದು ಎಂಟೇ ತಿಂಗಳು. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು. ಆದರೆ ಮೊದಲ ಜಗಳವೇ ಅದರ ಮೇಲೆ ಆಗುತ್ತದೆ, ವೈದ್ಯಕೀಯ ವಿಷಯ ಹಿಂದೆ ಬೀಳುತ್ತದೆ.

ಕೇಸ್ ಶೀಟಿಗೆ ಕೋರ್ಟ್ ಆರ್ಡರ್ ಬೇಕು ಅನ್ನೋದು ಸುಳ್ಳು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿ ಸ್ಪಷ್ಟವಿದೆ: ರೋಗಿ ಅಥವಾ ಆಕೆ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬೆಲೆಯಿಲ್ಲ. ಅವ್ವನ ಸಹಿ ಇರುವ ಅರ್ಜಿ ಬರೆಯಿರಿ: ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ದಾಖಲಾದ ಮತ್ತು ಬಿಟ್ಟ ದಿನಾಂಕ. "ಎಲ್ಲಾ ದಾಖಲೆ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಆಪರೇಷನ್ ನೋಟ್ಸ್, ಒಪ್ಪಿಗೆ ಪತ್ರ, ಸಿಸ್ಟರ್‌ಗಳ ಚಾರ್ಟ್, ರಕ್ತ ಪರೀಕ್ಷೆ ವರದಿ, ಸ್ಕ್ಯಾನ್ ಫಿಲ್ಮ್, ಆಪರೇಷನ್ನಿನ ವಿಡಿಯೋ ಅಂತ ಒಂದೊಂದಾಗಿ ಹೆಸರಿಸಿ. ಒಂದು ಪ್ರತಿ ಕೌಂಟರಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಇನ್ನೊಂದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಮುಟ್ಟಿದ ಪುರಾವೆ ಇಟ್ಟುಕೊಳ್ಳಿ. ಕೊಡದಿದ್ದರೂ ಲಾಭ ನಿಮಗೇ. ಗ್ರಾಹಕರ ಆಯೋಗದ (ನೀವು ಹೇಳಿದ ಗ್ರಾಹಕರ ಕೋರ್ಟು) ಮುಂದೆ ದಾಖಲೆ ತರಿಸಲು ಅರ್ಜಿ ಹಾಕಿ, ಮುಚ್ಚಿಟ್ಟವರ ವಿರುದ್ಧ ಊಹೆ ಮಾಡಿ ಅಂತ ಕೇಳಬಹುದು.

ಎಲ್ಲಿ ಅನ್ನೋದಕ್ಕೆ: ಹಾವೇರಿ ಜಿಲ್ಲಾ ಗ್ರಾಹಕರ ಆಯೋಗ. ಹೊಸ ಕಾಯ್ದೆಯಲ್ಲಿ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ ಅಂತ ಧಾರವಾಡಕ್ಕೆ ಅಡ್ಡಾಡಬೇಕಿಲ್ಲ. ಯಾವ ಆಯೋಗ, ಎಷ್ಟು ಶುಲ್ಕ ಅನ್ನೋದು ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 5 ಲಕ್ಷದೊಳಗೆ ಶುಲ್ಕ ಸೊನ್ನೆ. 25 ಲಕ್ಷ ಪರಿಹಾರ ಕೇಳಿದರೂ ನಿಮಗೆ ಶುಲ್ಕ ಬೀಳೋದಿಲ್ಲ. ಇದನ್ನು ಅನೇಕ ಗುಮಾಸ್ತರೇ ತಪ್ಪು ಹೇಳುತ್ತಾರೆ.

ಎದುರುದಾರರಾಗಿ ನರ್ಸಿಂಗ್ ಹೋಂ, ಆಪರೇಷನ್ ಮಾಡಿದ ಸರ್ಜನ್ ಇಬ್ಬರನ್ನೂ ಹಾಕಿ. "ಅವರು ಹೊರಗಿನಿಂದ ಬಂದ ವಿಸಿಟಿಂಗ್ ಡಾಕ್ಟರ್, ನಮಗೆ ಸಂಬಂಧ ಇಲ್ಲ" ಅನ್ನೋದು ಹಳೇ ಆಟ. 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಉತ್ತರ ಕೊಟ್ಟಾಗಿದೆ, ಆಸ್ಪತ್ರೆಯ ಹೊಣೆ ತಪ್ಪೋದಿಲ್ಲ. ವೈದ್ಯರ ವಿಮಾ ಕಂಪನಿಯ ಹೆಸರು ಗೊತ್ತಾದರೆ ಅದನ್ನೂ ಸೇರಿಸಿ, ಕೊನೆಗೆ ದುಡ್ಡು ಬರುವುದು ಅಲ್ಲಿಂದಲೇ. ನೋಟಿಸ್ ಮುಟ್ಟಿದ ಮೇಲೆ ಅವರಿಗೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನು 15. ಅದಕ್ಕಿಂತ ಮುಂದೆ ಕೊಡುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 46ನೇ ದಿನ ಉತ್ತರ ತಂದರೆ ಆಕ್ಷೇಪಣೆ ಎತ್ತುವುದನ್ನು ಮರೀಬೇಡಿ.

30,000ಕ್ಕೆ ರಸೀದಿ ಇಲ್ಲ ಅಂದ್ರಲ್ಲ, ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿರಿ. ಚೀಟಿಯ ಮೇಲೆ ಬರೆದು ಕೊಟ್ಟಿದ್ದರೆ ಆ ಚೀಟಿಯನ್ನೂ ಬಿಸಾಕಬೇಡಿ.

ಥಿಯೇಟರ್ ಟೇಬಲ್:
ವಕೀಲರು ಕಾಗದದ ದಾರಿ ಹೇಳಿದರು. ಕಾಗದದಲ್ಲಿ ಏನು ನೋಡಬೇಕು ಅನ್ನೋದು ಅಷ್ಟೇ ಮುಖ್ಯ.

"ನಾಳ ಕತ್ತರಿಸಿದರು, ಆದ್ದರಿಂದ ನಿರ್ಲಕ್ಷ್ಯ" ಅಂತ ದೂರು ಬರೆದರೆ ಸೋಲುವ ಸಾಧ್ಯತೆಯೇ ಹೆಚ್ಚು. ಈ ಆಪರೇಷನ್ನಿನಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವುದು ಪಠ್ಯಪುಸ್ತಕದಲ್ಲೇ ಇರುವ ತೊಡಕು, ನುರಿತ ಕೈಯಲ್ಲೂ ಸಾವಿರಕ್ಕೆ ಮೂರ್ನಾಲ್ಕು ಆಗುತ್ತದೆ. ಅವರ ವಕೀಲರು ಮೊದಲ ಪುಟದಲ್ಲೇ ಅದನ್ನು ಬರೆಯುತ್ತಾರೆ. ನಿಮ್ಮ ಬಲ ಇರುವುದು ಎರಡನೇ ದಿನದಿಂದ ಆರನೇ ದಿನದ ನಡುವೆ. ಪೆಟ್ಟಾಗುವುದು ಬೇರೆ, ಆದದ್ದನ್ನು ಗುರುತಿಸದೆ ಕೂರುವುದು ಬೇರೆ.

ಡ್ರೇನ್ ಪೈಪಿನಲ್ಲಿ ಪಿತ್ತ ಬಂದರೆ, ಜೊತೆಗೆ ಜ್ವರ, ಹೊಟ್ಟೆ ಉಬ್ಬರ ಇದ್ದರೆ, ಅವತ್ತೇ ಲಿವರ್ ಫಂಕ್ಷನ್ ಟೆಸ್ಟ್ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಆಗಬೇಕು. ಒಳಗೆ ನೀರು ಕೂಡಿದ್ದು ಕಂಡರೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್), ಅಥವಾ ಆ ಸೌಲಭ್ಯ ಇರುವ ಕಡೆಗೆ ಕಳಿಸಬೇಕು. ಹುಬ್ಬಳ್ಳಿಯಂಥ ಊರಲ್ಲಿ ಎಂಆರ್‌ಐ ಸಿಗಲಿಲ್ಲ ಅಂತ ಹೇಳುವ ಹಾಗಿಲ್ಲ. ಕೇಸ್ ಶೀಟ್ ಕೈಗೆ ಬಂದ ಕೂಡಲೇ ಇವನ್ನು ನೋಡಿ.

ಸಿಸ್ಟರ್‌ಗಳ ಚಾರ್ಟಿನಲ್ಲಿ ಡ್ರೇನ್ ಎಷ್ಟು ಎಂಎಲ್, ಯಾವ ಬಣ್ಣ ಅಂತ ದಿನಾ ಬರೆದಿರುತ್ತಾರೆ. ಡಾಕ್ಟರ್ "ರೋಗಿ ಆರಾಮ" ಅಂತ ಬರೆದ ದಿನವೇ ಸಿಸ್ಟರ್ "ಪಿತ್ತ, 300 ಎಂಎಲ್" ಅಂತ ಬರೆದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೇಸ್ ತಿದ್ದುವವರು ಡಾಕ್ಟರ್ ಹಾಳೆ ತಿದ್ದುತ್ತಾರೆ, ಸಿಸ್ಟರ್ ಚಾರ್ಟ್ ಮರೆಯುತ್ತಾರೆ. ಬಿಲಿರುಬಿನ್ (ರಕ್ತದಲ್ಲಿ ಏರಿದರೆ ಕಣ್ಣು ಹಳದಿಯಾಗುವ ಅಂಶ) ಯಾವ ದಿನ ಮೊದಲು ಪರೀಕ್ಷೆ ಮಾಡಿಸಿದರು ನೋಡಿ. ಆಪರೇಷನ್ ನೋಟ್ಸ್ ನಾಲ್ಕು ಸಾಲಿನ ಅಚ್ಚು ಹೊಡೆದ ಒಕ್ಕಣೆಯಾಗಿದ್ದರೆ, ಪಿತ್ತಕೋಶಕ್ಕೆ ಹೋಗುವ ನಾಳ ಮತ್ತು ರಕ್ತನಾಳ ಇವೆರಡನ್ನೇ ಬಿಡಿಸಿ ನೋಡಿ ಕ್ಲಿಪ್ ಹಾಕಿದೆ ಅನ್ನುವ ವಿವರ ಇರೋದಿಲ್ಲ. ಅದನ್ನೂ ಎತ್ತಬಹುದು.

ಇನ್ನೊಂದು. ಎರಡನೇ ಆಸ್ಪತ್ರೆಯ ಸರ್ಜನ್ ಕೋರ್ಟಿಗೆ ಬಂದು ಮೊದಲನೆಯವರ ವಿರುದ್ಧ ಹೇಳುತ್ತಾರೆ ಅಂತ ಕಾಯಬೇಡಿ, ಒಂದೇ ಊರಿನವರು. ಅವರ ಆಪರೇಷನ್ ನೋಟ್ಸೇ ಸಾಕು. "ಮುಖ್ಯ ಪಿತ್ತನಾಳದ ಮೇಲೆ ಕ್ಲಿಪ್ ಕಂಡಿತು" ಅಂತ ಬರೆದಿದ್ದರೆ ಅದು ಅಭಿಪ್ರಾಯವಲ್ಲ, ಕಣ್ಣಿಗೆ ಕಂಡದ್ದು. ಅಭಿಪ್ರಾಯಕ್ಕೆ ಬೇರೆ ಜಿಲ್ಲೆಯ, ಸಾಧ್ಯವಾದರೆ ಬೋಧನಾ ಆಸ್ಪತ್ರೆಯ ನಿವೃತ್ತ ಸರ್ಜನ್ ಹುಡುಕಿ. ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯ ಅಲ್ಲ ಅಂತ 2010ರ ಕಿಶನ್ ರಾವ್ ತೀರ್ಪಿದೆ, ಆದರೆ ಇಂಥ ಕೇಸಿನಲ್ಲಿ ಇಲ್ಲದೆ ಹೋಗಬೇಡಿ.

ಶಿಗ್ಗಾಂವಿಕರ್:
ಭಾಳ ಉಪಕಾರ ಆತ್ರಿ. ಸಹಿ ಮಾಡಿದ ಕಾಗದದಾಗ "ವೈದ್ಯರ ಸಲಹೆ ವಿರುದ್ಧ ಕರಕೊಂಡು ಹೊಂಟೇವಿ" ಅಂತ ಇತ್ತಂತ. ಈಗ ಅವರ ಕಡೆಯವರೊಬ್ರು 1,50,000 ಕೊಡ್ತೇವಿ, ಬಾಂಡ್ ಮ್ಯಾಲೆ ಸಹಿ ಮಾಡ್ರಿ ಅಂತ ಕೇಳಾಕತ್ತಾರ. ವಕೀಲರೊಬ್ರು ಬಂದದ್ರಾಗ 30 ಪರ್ಸೆಂಟ್ ಕೊಡ್ರಿ, ಫೀ ಬ್ಯಾಡ ಅಂದ್ರು. ಸ್ಟೇಷನ್‌ಗೆ ಹೋಗ್ರಿ, ಆವಾಗ ಹೆದರತಾರ ಅಂತ ಮಂದಿ ಹೇಳ್ತಾರ.

ಪಂಚಕಟ್ಟಿ:
ತಮ್ಮಾ, ಒಂದೊಂದಾಗಿ ಕೇಳು.

ಪಾಲಿನ ಲೆಕ್ಕದ ಫೀಗೆ ಒಪ್ಪಬ್ಯಾಡ. ನಮ್ಮ ದೇಶದಾಗ ವಕೀಲರು ಹಂಗ ಗೆದ್ದದ್ರಾಗ ಪಾಲು ಕೇಳೂದು ಬಾರ್ ಕೌನ್ಸಿಲ್ ನಿಯಮಕ್ಕ ವಿರುದ್ಧ. ಫೀ ಕೊಡಾಕ ಆಗದಿದ್ರ ಕಾನೂನು ಸೇವಾ ಪ್ರಾಧಿಕಾರ ಐತಿ. 1987ರ ಕಾಯ್ದೆಯ ಕಲಂ 12ರಾಗ ಹೆಣ್ಮಕ್ಕಳಿಗೆ ಆದಾಯದ ಮಿತಿನ ಇಲ್ಲ, ದೂರುದಾರಳು ಅವ್ವ ಆದ್ರ ಅಷ್ಟ ಸಾಕು. ಹಾವೇರಿ ಕೋರ್ಟ್ ಆವರಣದಾಗ ಜಿಲ್ಲಾ ಪ್ರಾಧಿಕಾರಕ್ಕ ಅರ್ಜಿ, ಆಧಾರ್ ಜೆರಾಕ್ಸ್, ಕಾಗದ-ಪತ್ರ ಕೊಡು. 15100ಕ್ಕ ಫೋನ್ ಹಚ್ಚಿದ್ರೂ ದಾರಿ ಹೇಳ್ತಾರ. ಗ್ರಾಹಕರ ಆಯೋಗದ ಕೆಲಸ ಮಾಡಿದ ಪ್ಯಾನಲ್ (ಪ್ರಾಧಿಕಾರದ ಪಟ್ಟಿಯೊಳಗಿನ) ವಕೀಲರು ಬೇಕು ಅಂತ ಅರ್ಜಿಯೊಳಗ ಬರಿ. ಬರೀದಿದ್ರ ಯಾರ ಪಾಳಿ ಐತೋ ಅವರ ಬರ್ತಾರ.

ಸ್ಟೇಷನ್ ಮಾತು ನನಗ ಒಪ್ಪಿಗಿಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಮ್ಯಾಲೆ ಪೊಲೀಸರು ಸರ್ಕಾರಿ ಡಾಕ್ಟರರ ಅಭಿಪ್ರಾಯ ಇಲ್ಲದ ಮುಂದ ಹೋಗೂದಿಲ್ಲ. ಕ್ರಿಮಿನಲ್ ಕೇಸಿಗೆ 'ಘೋರ ನಿರ್ಲಕ್ಷ್ಯ' ಬೇಕು, ಪರಿಹಾರಕ್ಕ ಅಷ್ಟು ಬೇಕಾಗಿಲ್ಲ. ಆ ಸರ್ಕಾರಿ ಡಾಕ್ಟರರು 'ಘೋರ ನಿರ್ಲಕ್ಷ್ಯ ಕಾಣಲಿಲ್ಲ' ಅಂತ ಬರದ್ರ ಅದ ಕಾಗದ ಹಾವೇರಿಯೊಳಗ ನಿನ್ನ ಎದುರಿಗೆ ತಂದಿಡ್ತಾರ. ಜೀವ ಹೋದ ಪ್ರಕರಣ ಆಗಿದ್ರ ಮಾತು ಬ್ಯಾರೆ. ಆವಾಗ ಮರಣೋತ್ತರ ಪರೀಕ್ಷೆ ಆಗಲೇಬೇಕು, ಅದಕ್ಕ ಸ್ಟೇಷನ್ ಬೇಕು. ಮತ್ತ ಸಿಟ್ಟಿನ್ಯಾಗ ಹುಡುಗರನ್ನ ಕರಕೊಂಡು ಆಸ್ಪತ್ರೆಗೆ ಹೋಗಬ್ಯಾಡ. 2009ರ ರಾಜ್ಯದ ಕಾಯ್ದೆಯೊಳಗ ವೈದ್ಯ ಸಿಬ್ಬಂದಿ ಮ್ಯಾಲೆ ಹಲ್ಲೆಗೆ ಜೈಲು, ದಂಡ ಎರಡೂ ಐತಿ, ಜಾಮೀನು ಸಿಗದ ಅಪರಾಧ.

ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಮ್ಯಾಲಿನ ರಾಜ್ಯದ) ಕಾಯ್ದೆಯೊಳಗ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಐತಿ, ಆಸ್ಪತ್ರೆ ಹುಬ್ಬಳ್ಳಿಯಾಗ ಇರೋದ್ರಿಂದ ಧಾರವಾಡದ್ದು. ದಾಖಲೆ ಕೊಡವಲ್ರು, ಬಿಲ್ ಕೊಟ್ಟಿಲ್ಲ ಅನ್ನೋ ದೂರು ಅಲ್ಲಿಗೆ. ಡಾಕ್ಟರರ ನೋಂದಣಿ ಮ್ಯಾಲೆ ಕ್ರಮ ಬೇಕಂದ್ರ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಈ ಎರಡೂ ಕಡೆ ಪರಿಹಾರದ ರೊಕ್ಕ ಸಿಗೂದಿಲ್ಲ.

ಕೋರ್ಟ್ ಸರ್ಕಲ್:
ಸಹಿ ಮಾಡಿದ ಕಾಗದಕ್ಕೆ ಹೆದರಬೇಡಿ. ಅದು ಆರನೇ ದಿನದ ನಂತರದ ಹೊಣೆಗೆ ಅವರಿಗೆ ಒಂದಿಷ್ಟು ಆಸರೆ ಕೊಟ್ಟೀತು, ಅದಕ್ಕಿಂತ ಹಿಂದಿನದನ್ನು ಅಳಿಸೋದಿಲ್ಲ. ಬಾಂಡಿಗೆ ಮಾತ್ರ ಸಹಿ ಹಾಕಬೇಡಿ. "ಮುಂದೆ ಯಾವ ತಕರಾರೂ ಇಲ್ಲ" ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ.

ರಾಜಿಗೆ ಮನಸ್ಸಿದ್ದರೆ ಧಾರವಾಡದ ಖಾಯಂ ಜನತಾ ನ್ಯಾಯಾಲಯ ಇದೆ, ಆಸ್ಪತ್ರೆ ಸೇವೆ ಅದರ ವ್ಯಾಪ್ತಿಯಲ್ಲಿ ಬರುತ್ತದೆ, ಶುಲ್ಕ ಇಲ್ಲ. ಆದರೆ ಬೇರೆ ಕಡೆ ಕೇಸ್ ಹಾಕುವ ಮೊದಲೇ ಅಲ್ಲಿಗೆ ಹೋಗಬೇಕು. ರಾಜಿ ಆಗದಿದ್ದರೆ ಅವರೇ ತೀರ್ಪು ಕೊಡಬಹುದು, ಅದರ ಮೇಲೆ ಅಪೀಲಿಲ್ಲ, ಹೈಕೋರ್ಟಿಗೆ ರಿಟ್ ಮಾತ್ರ. ತಜ್ಞರ ಸಾಕ್ಷಿ ಬೇಕಾದ ಇಂಥ ಕೇಸಿಗೆ ನಾನು ಆಯೋಗವನ್ನೇ ಹೇಳುತ್ತೇನೆ.

ಥಿಯೇಟರ್ ಟೇಬಲ್:
1,50,000 ಯಾಕೆ ಕಡಿಮೆ ಅಂದರೆ, ಕರುಳಿಗೆ ಜೋಡಿಸಿದ ನಾಳ ವರ್ಷಗಳ ನಂತರವೂ ಕಿರಿದಾಗಬಹುದು. ಆಗ ಮತ್ತೆ ಕಾಮಣಿ, ಮತ್ತೆ ಬಲೂನಿನಿಂದ ನಾಳ ಅಗಲಿಸುವುದು ಅಥವಾ ಆಪರೇಷನ್. ಆದ್ದರಿಂದ ದೂರಿನಲ್ಲಿ ಮುಂದಿನ ಚಿಕಿತ್ಸೆಯ ಖರ್ಚನ್ನು ಬೇರೆ ಬಾಬ್ತಾಗಿ ಕೇಳಿ. ಈಗಲೂ ಮೂರು-ಆರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಮಾಡಿಸಿ ವರದಿ ಕೂಡಿಡಿ. ಚಳಿ-ಜ್ವರ ಬಂದರೆ ಕೇಸಿನ ಮಾತು ಬಿಟ್ಟು ಅವತ್ತೇ ಅವ್ವನನ್ನು ಎರಡನೇ ಆಸ್ಪತ್ರೆಗೆ ಕರೆದೊಯ್ಯಿರಿ.