ಸಹಾಯ ಬೇಕು: ಸ್ಲೀವ್ ಆಪರೇಷನ್ ಆದ ಮೇಲೆ ಪ್ರೋಟೀನ್ ಹೇಗೆ ತುಂಬಿಸುವುದು?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದವಳು, ವಯಸ್ಸು 41. ನಾಲ್ಕು ತಿಂಗಳ ಹಿಂದೆ ಮಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ, ತೂಕ ಇಳಿಸಲಿಕ್ಕೆ ಜಠರದ ಮುಕ್ಕಾಲು ಭಾಗ ತೆಗೆಯುತ್ತಾರಲ್ಲ, ಅದು. 118 ಕಿಲೋ ಇದ್ದೆ. ಶುಗರ್ ಬೇರೆ, ಮಂಡಿ ನೋವಿಗೆ ಅಂಗಳ ಗುಡಿಸಲೂ ಆಗುತ್ತಿರಲಿಲ್ಲ. ಎರಡು ವರ್ಷ ಯೋಚನೆ ಮಾಡಿಯೇ ಒಪ್ಪಿದ್ದು. ಈಗ 94. ಶುಗರ್ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದ್ದಾರೆ. ಮಾಡಿಸಿದ್ದಕ್ಕೆ ಬೇಸರ ಇಲ್ಲ.

ಕಷ್ಟ ಊಟದ್ದು. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೇ ಬೇಕು ಅಂದಿದ್ದಾರೆ. ನಮ್ಮದು ಮೀನು, ಮೊಟ್ಟೆ ಇಲ್ಲದ ಮನೆ. ಕುಚ್ಚಲಕ್ಕಿ ಗಂಜಿ ನಾಲ್ಕು ಚಮಚ ಉಂಡರೆ ಹೊಟ್ಟೆ ತುಂಬುತ್ತದೆ, ಆಮೇಲೆ ಬೇಳೆಗೆ ಜಾಗವೇ ಇಲ್ಲ, ಊಟದ ಜೊತೆ ನೀರು ಕುಡಿಯಬಾರದು ಅಂತ ಮಜ್ಜಿಗೆಯನ್ನೂ ಅರ್ಧ ಗಂಟೆ ಬಿಟ್ಟೇ ಕುಡಿಯಬೇಕು. ಗಂಜಿ ಬಿಟ್ಟು ಹೆಸರುಬೇಳೆ ತೊವ್ವೆ, ಪನೀರ್, ಗಟ್ಟಿ ಮೊಸರು ಮೊದಲು ತಿಂದು ನೋಡಿದೆ. ಲೆಕ್ಕ ಹಾಕಿದರೆ 35 ದಾಟುವುದಿಲ್ಲ. ಪ್ರೋಟೀನ್ ಪುಡಿ ಹಾಲಿಗೆ ಹಾಕಿ ಕುಡಿದರೆ ಹೊಟ್ಟೆ ತೊಳಸುತ್ತದೆ.

ಈಗ ತಲೆ ಬಾಚಿದರೆ ಮುಷ್ಟಿ ತುಂಬ ಕೂದಲು. ಬಿ12, ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ತೂಕ ಬೇಗ ಇಳಿದಾಗ ಕೆಲವು ತಿಂಗಳು ಕೂದಲು ಉದುರುತ್ತದೆ ಅಂತ ಡಾಕ್ಟರು ಹೇಳಿದ್ದರು. ಆದರೆ ಇದು ಅದೋ, ಪ್ರೋಟೀನ್ ಸಾಲದೆಯೋ ಗೊತ್ತಾಗುತ್ತಿಲ್ಲ. ಮುಂದಿನ ತಿಂಗಳು ತೋರಿಸಲಿಕ್ಕಿದೆ, ಅವರನ್ನೂ ಕೇಳುತ್ತೇನೆ.

ಈ ಆಪರೇಷನ್ ಆದ ಸಸ್ಯಾಹಾರಿಗಳು ಯಾರಾದರೂ ಇದ್ದೀರಾ? ನಾಲ್ಕನೇ ತಿಂಗಳಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು, ಎಷ್ಟೆಷ್ಟು ತಿಂದು 60 ಗ್ರಾಂ ಮುಟ್ಟಿಸಿದಿರಿ? ಕೂದಲು ಉದುರುವುದು ಯಾವಾಗ ನಿಂತಿತು?