ಬೇಕಾಗಿದೆ: ಅಭಿಮಾನಿಗಳು ಕೂರಲು ಒಂದು ಜಾಗ

ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ ಅವರ ಅಭಿಮಾನಿಗಳು ಆನ್‌ಲೈನಿನಲ್ಲಿ ಎಲ್ಲಿ ಸೇರಿದರೆ ಚೆನ್ನ? ಈ ಪ್ರಶ್ನೆ ಎತ್ತಿದವರು ಮಂಡ್ಯದ ಪುಟ್ಟಸ್ವಾಮಣ್ಣ. ಜಾಗ ಮೈಸೂರಿನ ಸರಸ್ವತೀಪುರಂನ ಒಂದು ಹೋಟೆಲು. ಹಾಜರಿದ್ದವರು ಬ್ಯಾಂಕಿನ ಶೈಲಾ, ಹೆಬ್ಬಾಳದ ಕಡೆ ಕಂಪ್ಯೂಟರ್ ಕೆಲಸದಲ್ಲಿರುವ ನಾಗ, ಮತ್ತು ಬಿಲ್ಲು ಕೊಡಲು ನಾನು.

“ನಮ್ ಸಂಘಕ್ಕೆ ಬೋರ್ಡ್ ಐತೆ, ರಬ್ಬರ್ ಸ್ಟ್ಯಾಂಪ್ ಐತೆ, ಖಜಾಂಚಿ ಅವ್ನೆ” ಎಂದರು ಪುಟ್ಟಸ್ವಾಮಣ್ಣ. “ಮಾತಾಡೋ ಸದಸ್ಯರೇ ಇಲ್ಲ.”

“ಖಜಾನೆ ಇದೆಯಾ?” ಎಂದು ಶೈಲಾ ಬ್ಯಾಂಕಿನವಳ ಪ್ರಶ್ನೆ ಕೇಳಿದಳು.

“ಖಜಾಂಚಿ ಅವ್ನೆ ಅಂದ್ನಲ್ಲಮ್ಮ.”

ಬೈ-ಟು ಕಾಫಿ ಎರಡು ಬಂತು. ನಾಗ ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಅದನ್ನು ನೋಡಿದ ಮಾಣಿ, ಇವರು ಬೇಗ ಏಳುವ ಗಿರಾಕಿಗಳಲ್ಲ ಅಂತ ತೀರ್ಮಾನಿಸಿ ಫ್ಯಾನ್ ಆರಿಸಿ ಹೋದ.

“ಈಗ ಎಲ್ಲಿದ್ದೀರಿ, ಅದನ್ನ ಮೊದಲು ಹೇಳಿ” ಎಂದ ನಾಗ.

“ವಾಟ್ಸಾಪ್ ಗ್ರೂಪಲ್ಲಿ. 1,024 ಜನ ಹಿಡಿಸ್ತದಂತೆ. ಸಾವಿರ ಬಿಟ್ಟು ಮಿಕ್ಕಿದ್ದಷ್ಟು ನಾವಿದೀವಿ.”

“ಇಪ್ಪತ್ನಾಲ್ಕು ಜನ ಸಾಕಲ್ವಾ?”

“ಜನ ಸಾಕಪ್ಪ. ಬೆಳಗಾದ್ರೆ ಗುಲಾಬಿ ಹೂವಿನ ಶುಭೋದಯ. ಮಧ್ಯಾಹ್ನ ಕಿಡ್ನಿ ಕಲ್ಲಿಗೆ ಬಾಳೆದಿಂಡು. ಸಾಯಂಕಾಲ ಯಾರ್ದೋ ಸೈಟು ಮಾರಾಟಕ್ಕೈತೆ. ಸೆಪ್ಟೆಂಬರ್ 22 ಪಿ.ಬಿ.ಎಸ್. ಹುಟ್ಟಿದ ದಿನ. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ್ರು ಅಂತ ಬರೆದು ಫೋಟೋ ಹಾಕ್ದೆ. ಮೊದಲ್ನೇಯವ್ನು ‘ಓಂ ಶಾಂತಿ’ ಅಂದ. ಅವನ ಹಿಂದೆ ಸಾಲಾಗಿ ಎಲ್ರೂ ಓಂ ಶಾಂತಿ. ಅಯ್ಯೋ, ತೀರ್ಕೊಂಡಿದ್ದು 2013ರ ಏಪ್ರಿಲ್‌ನಲ್ಲಿ ಕಣ್ರಪ್ಪಾ ಅಂತ ಬರೆದೆ.”

“ಆಮೇಲೆ?”

“ಅದಕ್ಕೂ ಓಂ ಶಾಂತಿ.”

ವಾಟ್ಸಾಪಿನ ಪರವಾಗಿ ಒಂದು ಮಾತು ಹೇಳಬೇಕು. ಅಲ್ಲಿಗೆ ಯಾರನ್ನೂ ಹೊಸದಾಗಿ ಕರೆತರಬೇಕಿಲ್ಲ, ಎಲ್ಲರೂ ಆಗಲೇ ಅಲ್ಲೇ ಇದ್ದಾರೆ. ಆದರೆ ಅಲ್ಲಿನ ಮಾತಿಗೆ ನೆನಪು ಕಡಿಮೆ. ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಗೆ ಮೇಲಕ್ಕೆ ಜಾರಿ ಹೋಗಿರುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಹಿಂದಿನ ಸಲ ಉತ್ತರ ಕೊಟ್ಟವರು ಬೇಜಾರಾಗಿ ಸುಮ್ಮನಿರುತ್ತಾರೆ. ಗೊತ್ತಿಲ್ಲದವರು ಉತ್ತರ ಕೊಡುತ್ತಾರೆ.

“ನೀವು ರೆಡ್ಡಿಟ್‌ಗೆ ಬನ್ನಿ ಸ್ವಾಮಣ್ಣ” ಎಂದ ನಾಗ. “2005ರಿಂದ ಇದೆ. ಒಂದೊಂದು ವಿಷಯಕ್ಕೂ ಬೇರೆ ಬೇರೆ ಗುಂಪು. ಪ್ರಶ್ನೆ ಹಾಕಿದರೆ ಅದರ ಕೆಳಗೇ ಉತ್ತರ, ಆ ಉತ್ತರದ ಕೆಳಗೆ ಅದಕ್ಕೆ ಉತ್ತರ. ಇಷ್ಟ ಆದರೆ ಮೇಲಕ್ಕೆ ಒತ್ತುತ್ತಾರೆ, ಆಗದಿದ್ದರೆ ಕೆಳಕ್ಕೆ. ಎಷ್ಟೋ ವರ್ಷ ಆದಮೇಲೂ ಹುಡುಕಿದರೆ ಸಿಗುತ್ತೆ.”

“ಕೆಳಕ್ಕೆ ಒತ್ತಿದೋನು ಯಾರು ಅಂತ ಗೊತ್ತಾಯ್ತದಾ?”

“ಇಲ್ಲ.”

“ಮತ್ತೆ ಜಗಳ ಆಡೋದು ಯಾರ ಜೊತೆ?”

ನಾಗನಿಗೆ ರೆಡ್ಡಿಟ್ ಹುಚ್ಚು ಹಿಡಿಸಿದ್ದು ಆರ್‌ಸಿಬಿ. 2008ರಿಂದ ಕಾದು 2025ರಲ್ಲಿ ಕಪ್ ಬಂತಲ್ಲ, ಆ ಕಾಯುವ ವರ್ಷಗಳಲ್ಲಿ ಪಂದ್ಯದ ರಾತ್ರಿ ಅವನು ಅಲ್ಲೇ ಇರುತ್ತಿದ್ದ. “ಸೋತ ರಾತ್ರಿ ಅಲ್ಲಿ ಬರೋ ಜೋಕು ಗೆದ್ದ ದಿನ ಬರಲ್ಲ” ಎಂದ. ಈ ಮಾತನ್ನು ನಾನು ಒಪ್ಪುತ್ತೇನೆ. ಗೆದ್ದಾಗ ಊರೆಲ್ಲ ಅಭಿಮಾನಿಗಳೇ. ಸೋತಾಗ ಪಕ್ಕದಲ್ಲಿ ಕೂತು ಜೋಕು ಹೊಡೆಯುವವರು ಯಾರು ಅನ್ನುವುದರ ಮೇಲೆ ಜಾಗದ ಯೋಗ್ಯತೆ ಗೊತ್ತಾಗುತ್ತದೆ.

“ಆ ಗುಂಪುಗಳನ್ನ ನೋಡಿಕೊಳ್ಳೋರಿಗೆ ಸಂಬಳ ಇಲ್ಲ, ಅವರೂ ಅಭಿಮಾನಿಗಳೇ” ಎಂದು ನಾಗ ಮುಂದುವರಿಸಿದ. “2023ರ ಜೂನ್‌ನಲ್ಲಿ ಕಂಪನಿಯವರು ಹೊರಗಿನ ಆ್ಯಪ್‌ಗಳಿಗೆ ದರ ಕಟ್ಟಿದಾಗ ಸಾವಿರಾರು ಗುಂಪುಗಳು ಬಾಗಿಲು ಹಾಕಿ ಪ್ರತಿಭಟನೆ ಮಾಡಿದವು.”

ಪುಟ್ಟಸ್ವಾಮಣ್ಣ ಲೋಟ ಕೆಳಗಿಟ್ಟರು. ಮಂಡ್ಯದವರ ಮುಖದಲ್ಲಿ ಮೊದಲ ಸಲ ಗೌರವ ಕಂಡಿತು. “ಬಂದ್ ಮಾಡಿದ್ರಾ? ಹೈವೇ ತಡೆದ್ರಾ?”

“ಅಲ್ಲಿ ಹೈವೇ ಇಲ್ಲ.”

“ಹೈವೇ ಇಲ್ದೆ ಎಂಥಾ ಬಂದಪ್ಪ?”

ಅದೂ ಹೋಗಲಿ ಅನ್ನುವಷ್ಟರಲ್ಲಿ ನಾಗ, ಅಲ್ಲಿ ಹೆಚ್ಚಿನವರು ಸ್ವಂತ ಹೆಸರು ಹಾಕುವುದಿಲ್ಲ ಅಂತ ಬಾಯಿ ಬಿಟ್ಟ. ಅಲ್ಲಿಗೆ ರೆಡ್ಡಿಟ್ ಕಥೆ ಮುಗಿಯಿತು.

“ಹೆಸ್ರಿಲ್ದೆ ಅಭಿಮಾನನಾ? ರೇಡಿಯೋದಲ್ಲಿ ಕೋರಿಕೆ ಕಾರ್ಯಕ್ರಮ ಬರ್ತಿತ್ತಲ್ಲ ಮೇಷ್ಟ್ರೇ, ನಿಮಗೆ ಗೊತ್ತಲ್ಲ. ಕಾರ್ಡಲ್ಲಿ ನಂದು, ನಮ್ಮಣ್ಣಂದು, ಪಕ್ಕದ ಮನೆ ಪಾಪಂದು, ಇನ್ನೂ ನಾಮಕರಣ ಆಗ್ದೇ ಇರೋ ನಮ್ಮಕ್ಕನ ಮಗೂದು, ಎಲ್ಲಾ ಬರೀತಿದ್ದೆ. ಅದನ್ನ ಅವರು ಓದೋರು. ಹಾಡು ಮೂರು ನಿಮಿಷ, ಹೆಸರು ನಾಲ್ಕು ನಿಮಿಷ. ಹಾಡು ಶುರುವಾಗ್ತಿದ್ದಂಗೆ ನಮ್ಮವ್ವ ಎದ್ದು ಒಲೆ ಮುಂದಕ್ಕೆ ಹೋಗೋಳು, ಕಾರ್ಯಕ್ರಮ ಮುಗೀತು ಅಂತ.”

ಮೈಸೂರಿನಲ್ಲಿ ಕೂತು ಈ ಮಾತನ್ನು ತಳ್ಳಿ ಹಾಕುವಂತಿಲ್ಲ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ಇದು. ಅವರು ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಮನಃಶಾಸ್ತ್ರ. ರೇಡಿಯೋಗೂ ಮನಃಶಾಸ್ತ್ರಕ್ಕೂ ಏನು ಸಂಬಂಧ ಅನ್ನುವವರು ಪುಟ್ಟಸ್ವಾಮಣ್ಣನ ತಾಯಿಯನ್ನು ಕೇಳಬೇಕಿತ್ತು.

ಇಷ್ಟು ಹೊತ್ತು ಶೈಲಾ ಸುಮ್ಮನಿದ್ದಳು. ಅವಳು ಕೊರಿಯನ್ ಧಾರಾವಾಹಿಗಳ ಅಭಿಮಾನಿ. ನೋಡಿ ಸುಮ್ಮನಾಗುವವಳಲ್ಲ, ಮುಗಿದ ಧಾರಾವಾಹಿಯನ್ನು ಮುಂದುವರಿಸಿ ಕಥೆ ಬರೆಯುತ್ತಾಳೆ.

“ಮುಗಿದ ಮೇಲೂ ಬಿಡಲ್ವಾ ಶೈಲಮ್ಮ?”

“ಡೈರೆಕ್ಟರು ತಪ್ಪು ಹುಡುಗನ ಜೊತೆ ಮದುವೆ ಮಾಡಿದರೆ ಬಿಡೋಕಾಗುತ್ತಾ? ನಾವು ಸರಿ ಮಾಡ್ತೀವಿ.”

ಅವಳು ಬರೆಯುವ ಜಾಗದ ಹೆಸರು ಆರ್ಕೈವ್ ಆಫ್ ಅವರ್ ಓನ್. ಅದರ ಹುಟ್ಟಿನ ಕಥೆಯನ್ನು ಅವಳು ಹೇಳಿದ ರೀತಿ ಕೇಳಿ ಮಾಣಿ ಫ್ಯಾನ್ ಮತ್ತೆ ಹಾಕಿದ. ಮುಂಚೆ ಇಂಥ ಬರಹಗಾರರು ಹೆಚ್ಚಾಗಿ ಲೈವ್‌ಜರ್ನಲ್ ಅನ್ನುವ ಬ್ಲಾಗ್ ತಾಣದಲ್ಲಿ ಇದ್ದರಂತೆ. 2007ರಲ್ಲಿ ಅಲ್ಲಿ ನೂರಾರು ಖಾತೆಗಳನ್ನು ಇದ್ದಕ್ಕಿದ್ದಂತೆ ತೆಗೆದು ಹಾಕಿದರು. ಬಾಡಿಗೆ ಮನೆಯ ಮುಂದೆ ಎಷ್ಟು ಚೆಂದ ರಂಗೋಲಿ ಹಾಕಿದರೂ ಓನರ್ ಖಾಲಿ ಮಾಡಿ ಅಂದರೆ ಮಾಡಲೇಬೇಕಲ್ಲ. ಅದೇ ವರ್ಷ ಅಭಿಮಾನಿಗಳು ಲಾಭದ ಆಸೆ ಇಲ್ಲದ ಒಂದು ಸಂಸ್ಥೆ ಕಟ್ಟಿದರು. 2009ರ ನವೆಂಬರ್‌ನಲ್ಲಿ ಅವರ ಸ್ವಂತ ಜಾಗ ಎಲ್ಲರಿಗೂ ತೆರೆಯಿತು. ಜಾಹೀರಾತಿಲ್ಲ. ಖರ್ಚು ದೇಣಿಗೆಯಲ್ಲಿ, ಕೆಲಸ ಸ್ವಯಂಸೇವಕರದು. ಯಾವುದನ್ನು ಯಾರಿಗೆ ತೋರಿಸಬೇಕು ಅಂತ ಒಳಗೆ ಕೂತು ಲೆಕ್ಕ ಹಾಕುವ ಯಂತ್ರವೂ ಇಲ್ಲ. ಬೇಕಾದ್ದನ್ನು ನಾವೇ ಹುಡುಕಿಕೊಳ್ಳಬೇಕು. 2019ರಲ್ಲಿ ಅದಕ್ಕೆ ವಿಜ್ಞಾನ ಕಥೆಗಳ ಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು.

“ಸೇರೋದು ಹೆಂಗೆ?”

“ಇಮೇಲ್ ಕೊಟ್ಟು ಕ್ಯೂನಲ್ಲಿ ಕಾಯಬೇಕು. ಆಹ್ವಾನ ಬರುತ್ತೆ.”

“ಒಳಗೆ ಯಾರಾದ್ರೂ ಪರಿಚಯದೋರು ಇದ್ರೆ ಬೇಗ ಆಯ್ತದಾ?”

ಶೈಲಾ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆದರೆ ಅವಳು ಆಮೇಲೆ ಹೇಳಿದ್ದೇ ಆ ದಿನದ ಮಾತುಗಳಲ್ಲಿ ನನಗೆ ಬಹಳ ಹಿಡಿಸಿದ್ದು. ಧಾರಾವಾಹಿಯಲ್ಲಿ ನಾಯಕಿಯ ಅತ್ತೆ ಬಂದು ಹೋಗುವ ಪಾತ್ರ. ಅವಳ ಬಗ್ಗೆ ಶೈಲಾ ಒಂದು ಕಥೆ ಬರೆದಳು. ಓದಿದವರು ಕಡಿಮೆ. ಇಷ್ಟವಾದವರು ಒತ್ತುವ ‘ಕೂಡೋಸ್’ ಅಂತ ಒಂದು ಗುಂಡಿ ಇದೆ, ಒಂದು ಕಥೆಗೆ ಒಬ್ಬರು ಒಂದೇ ಸಲ ಒತ್ತಬಹುದು. ಅದೂ ಕಡಿಮೆ. ಯಾವಾಗಲೋ ಒಂದು ದಿನ ಗುರುತಿಲ್ಲದ ಓದುಗಿಯೊಬ್ಬಳು ಮೂರು ಪ್ಯಾರಾ ಬರೆದಳು. ಅತ್ತೆ ಬಾಗಿಲು ಹಾಕುವಾಗ ನೀವು ಚಿಲಕದ ಸದ್ದು ಬರೆದಿಲ್ಲ, ಯಾಕೆಂದರೆ ಅವಳು ಬಾಗಿಲನ್ನು ಪೂರ್ತಿ ಹಾಕಿಲ್ಲ ಅಲ್ವಾ, ಅಂತ.

“ಹಾಕಿಲ್ವಾ?” ಎಂದೆ.

“ನಾನು ಚಿಲಕ ಮರೆತಿದ್ದೆ ಅಷ್ಟೇ. ಆದರೆ ಅವಳು ಹೇಳಿದ ಮೇಲೆ ಅದೇ ಸರಿ ಅನ್ನಿಸ್ತು. ಈಗ ಯಾರಾದರೂ ಕೇಳಿದರೆ ಬೇಕಂತಲೇ ಬಿಟ್ಟೆ ಅಂತೀನಿ.”

ಟಂಬ್ಲರ್ ಅನ್ನುವ ಬ್ಲಾಗ್ ತಾಣದ ಬಗ್ಗೆಯೂ ಅವಳಿಗೆ ಪ್ರೀತಿ ಇದೆ. 2013ರಲ್ಲಿ ಯಾಹೂ ಅದನ್ನು 110 ಕೋಟಿ ಡಾಲರ್‌ಗೆ ಕೊಂಡಿತು. 2018ರ ಡಿಸೆಂಬರ್‌ನಲ್ಲಿ ವಯಸ್ಕರ ವಿಷಯಗಳನ್ನು ನಿಷೇಧಿಸಿದಾಗ ಬಹಳ ಜನ ಎದ್ದು ಹೋದರು. 2019ರಲ್ಲಿ ಅದು ಮತ್ತೆ ಮಾರಾಟವಾದಾಗ ಬೆಲೆ 30 ಲಕ್ಷ ಡಾಲರ್‌ಗಿಂತ ಕಡಿಮೆ ಅಂತ ಸುದ್ದಿ ಬಂತು. ಪುಟ್ಟಸ್ವಾಮಣ್ಣ ಲೊಚಗುಟ್ಟಿದರು. “ಅದೇ ದುಡ್ಡಲ್ಲಿ ವಿಜಯನಗರದಲ್ಲಿ ಸೈಟ್ ತಗೊಂಡಿದ್ರೆ.”

ಇನ್ನುಳಿದವು ಬೇಗ ಬೇಗ ಬಿದ್ದವು. ಟೆಲಿಗ್ರಾಂ ಗುಂಪಿನಲ್ಲಿ 2 ಲಕ್ಷ ಜನ ಹಿಡಿಸುತ್ತಾರೆ. ಆದರೆ ಸಿನಿಮಾ ಬಿಡುಗಡೆಯಾದ ಸಂಜೆಯೇ ಕಳ್ಳ ಪ್ರಿಂಟ್ ಇದೆಯಾ ಅಂತ ಕೇಳುವವನೂ ಅಭಿಮಾನಿ ಅಂತಲೇ ಹೇಳಿಕೊಳ್ಳುತ್ತಾನೆ. ಡಿಸ್ಕಾರ್ಡ್ 2015ರಲ್ಲಿ ಆಟ ಆಡುವವರಿಗಾಗಿ ಬಂದದ್ದು. ನಾಗ ಅದನ್ನು ತೆರೆದು ತೋರಿಸಿದ. ಎಡಗಡೆ ಉದ್ದಕ್ಕೂ ಕೋಣೆಗಳ ಪಟ್ಟಿ, ಬಲಗಡೆ ಬಣ್ಣ ಬಣ್ಣದ ಹೆಸರುಗಳು. ಪುಟ್ಟಸ್ವಾಮಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು “ಬೇಡ” ಎಂದರು. ಕ್ಲಬ್‌ಹೌಸ್ 2021ರ ಲಾಕ್‌ಡೌನ್‌ನಲ್ಲಿ ಆಂಡ್ರಾಯ್ಡ್ ಫೋನಿಗೆ ಬಂದಾಗ ಒಂದಷ್ಟು ತಿಂಗಳು ರಾತ್ರಿಯಿಡೀ ಮಾತು. ಲಾಕ್‌ಡೌನ್ ಮುಗಿಯಿತು, ಎಲ್ಲರಿಗೂ ನಿದ್ದೆ ಬಂತು. ಟ್ವಿಟರಿನಂಥದೇ ನಮ್ಮ ದೇಶದ ಆ್ಯಪ್ ‘ಕೂ’ 2020ರಲ್ಲಿ ಕನ್ನಡದಿಂದಲೇ ಶುರುವಾಯಿತು, 2024ರಲ್ಲಿ ನಿಂತಿತು.

ನನಗೆ ಆರ್ಕುಟ್ ಹೆಸರು ಎತ್ತದೆ ಇರಲಾಗಲಿಲ್ಲ. 2004ರ ಜನವರಿಯಲ್ಲಿ ಬಂದು 2014ರ ಸೆಪ್ಟೆಂಬರ್ 30ಕ್ಕೆ ಹೋಯಿತು. ಅಲ್ಲಿ ಸಿನಿಮಾ ನಟರಿಗಷ್ಟೇ ಅಲ್ಲ, ಗೆಳೆಯರಿಗೂ ಫ್ಯಾನ್ ಆಗಬಹುದಿತ್ತು. ಶೈಲಾ ಆಗ ನನಗೆ ಫ್ಯಾನ್ ಆಗಿದ್ದಳು. ಈಗ ನೆನಪಿಸಿದರೆ ಒಪ್ಪುವುದಿಲ್ಲ. ಸಾಕ್ಷಿ ಇಲ್ಲ.

ಎಕ್ಸ್, ಅಂದರೆ ಹಳೇ ಟ್ವಿಟರ್, ಅದರ ಮಾತು ಬಂದಾಗ ಮಾತ್ರ ನಿಜವಾದ ಜಗಳ ಆಯಿತು. ಅದಕ್ಕೆ ಕಾರಣ ಎಕ್ಸ್ ಅಲ್ಲ, ನಾನು. ಅಲ್ಲಿ ಟ್ರೆಂಡ್ ಆಗಬೇಕಾದರೆ ಒಟ್ಟು ಎಷ್ಟು ಜನ ಬರೆದರು ಅನ್ನುವುದಕ್ಕಿಂತ ಎಷ್ಟು ದಿಢೀರನೆ ಬರೆದರು ಅನ್ನುವುದು ಮುಖ್ಯ ಅಂತ ನಾಗ ವಿವರಿಸುತ್ತಿದ್ದ. ಪಿ.ಬಿ.ಎಸ್. ಅಭಿಮಾನಿಗಳು ದಿಢೀರನೆ ಏನನ್ನೂ ಮಾಡುವ ವಯಸ್ಸಿನವರಲ್ಲ ಅಂದೆ. ಅಷ್ಟಕ್ಕೇ ಬಿಡಬಹುದಿತ್ತು. 1974ರಿಂದ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು ಒಳ್ಳೆಯದೇ ಆಯಿತು, 1992ರ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದೂ ಹಾಡಿದ್ದಕ್ಕೇ ಅಲ್ಲವೇ, ಅಂತ ಸೇರಿಸಿಬಿಟ್ಟೆ.

ಪುಟ್ಟಸ್ವಾಮಣ್ಣ ಕುರ್ಚಿ ಹಿಂದಕ್ಕೆ ಎಳೆದರು. “ಅಣ್ಣಾವ್ರ ಹಾಡು ಅಣ್ಣಾವ್ರದ್ದೇ, ಯಾರು ಇಲ್ಲ ಅಂದ್ರು? ಆದ್ರೆ ಅದಕ್ಕೆ ಮುಂಚೆ ತೆರೆ ಮೇಲೆ ಅವರು ಬಾಯಿ ತೆಗೆದ್ರೆ ಇವರ ದನಿ. ಎರಡು ಬೇರೆ ಅಂತ ಯಾರಿಗಾದ್ರೂ ಅನ್ನಿಸ್ತಿತ್ತಾ? ಹೇಳಿ ಮೇಷ್ಟ್ರೇ!” ಪಕ್ಕದ ಟೇಬಲಿನ ಯಜಮಾನರೊಬ್ಬರು ಸೆಟ್ ದೋಸೆ ಬಿಟ್ಟು “ಅನ್ನಿಸ್ತಿರಲಿಲ್ಲ” ಅಂದರು. ಇನ್ನೊಬ್ಬರು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಹೆಸರು ತಂದರು. ಮೊದಲಿನವರು ರಾಜನ್–ನಾಗೇಂದ್ರ ನಮ್ಮ ಶಿವರಾಂಪೇಟೆಯವರು, ಅವರನ್ನು ಬಿಟ್ಟು ಮಾತಾಡಬೇಡಿ ಅಂದರು. ಕ್ಯಾಷ್ ಕೌಂಟರಿನಿಂದಲೂ ಒಂದು ಅಭಿಪ್ರಾಯ ಬಂತು. ಸದಸ್ಯರಿಲ್ಲ ಅಂತ ಮಂಡ್ಯದಿಂದ ರೈಲು ಹತ್ತಿ ಬಂದಿದ್ದ ಮನುಷ್ಯ ಈಗ ಎದ್ದು ನಿಂತು ಮಾತಾಡುತ್ತಿದ್ದರು.

“ಇದನ್ನ 280 ಅಕ್ಷರದಲ್ಲಿ ಬರೆಯೋಕಾಗಲ್ಲ” ಎಂದ ನಾಗ, ಲ್ಯಾಪ್‌ಟಾಪ್ ಮುಚ್ಚುತ್ತಾ. “ಸ್ವಾಮಣ್ಣ, ನೀವು ಹಾಡು ಕೇಳೋದು ಎಲ್ಲಿ?”

“ಯೂಟ್ಯೂಬಲ್ಲಿ.”

“ಕೆಳಗಡೆ ಕಾಮೆಂಟ್ ಓದ್ತೀರಾ?”

ಓದದೆ ಇರುತ್ತಾರೆಯೇ? ಕನ್ನಡದ ಯಾವ ಹಳೇ ಹಾಡಿನ ಕೆಳಗೆ ನೋಡಿದರೂ ಮೊದಲು ಸಿಗುವುದು ‘2025ರಲ್ಲಿ ಈ ಹಾಡು ಯಾರ್ಯಾರು ಕೇಳ್ತಿದ್ದೀರಾ, ಲೈಕ್ ಮಾಡಿ’. ಅದರ ಕೆಳಗೆ 2024, 2023. ಹಾಜರಿ ಪುಸ್ತಕದ ಆ ಪುಟಗಳನ್ನು ದಾಟಿ ಇನ್ನೂ ಕೆಳಗೆ ಹೋದರೆ ಬೇರೆ ಜನ ಸಿಗುತ್ತಾರೆ. ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಈ ಹಾಡು ಹೇಳುತ್ತಿದ್ದರು ಅಂತ ಒಬ್ಬರು. ಕೊಳಲು ನುಡಿಸಿದ್ದು ಯಾರು ಅಂತ ಇನ್ನೊಬ್ಬರು. ಇದನ್ನು ಯಾರೂ ಅಭಿಮಾನಿಗಳ ಸಂಘ ಅನ್ನುವುದಿಲ್ಲ. ಅಧ್ಯಕ್ಷರಿಲ್ಲ, ಸ್ಟ್ಯಾಂಪಿಲ್ಲ. ನನ್ನನ್ನು ಕೇಳಿದರೆ ಪಿ.ಬಿ.ಎಸ್. ಅವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೂ ಹುಟ್ಟಿಲ್ಲ. ಹಾಡು ಮೇಲೆ ಇದೆ, ಮಾತು ಕೆಳಗಿದೆ. ಬೇಕಾದರೆ ಮತ್ತೆ ಕೇಳಿ ನೋಡಿ ಜಗಳಕ್ಕೆ ಬರಬಹುದು.

“ಓದ್ತೀನಿ. ಒಂದ್ಸಲ ಬರೆದಿದ್ದೆ ಕೂಡ” ಎಂದರು ಪುಟ್ಟಸ್ವಾಮಣ್ಣ. “ಎರಡ್ನೇ ಚರಣದಲ್ಲಿ ಪಿ.ಬಿ.ಎಸ್. ಉಸಿರೇ ತಗೊಳ್ಳಲ್ಲ, ಕೇಳಿ ನೋಡಿ ಅಂತ. ಯಾರೂ ಮಾತಾಡ್ಲಿಲ್ಲ.”

ನಾಗ ಅವರ ಫೋನು ತೆಗೆದುಕೊಂಡ. ಮೇಲೆ ಗಂಟೆಯ ಚಿತ್ರದ ಪಕ್ಕ ಕೆಂಪು ಅಂಕಿ ಇತ್ತು. “ಇದನ್ನ ಒತ್ತೇ ಇಲ್ವಾ ನೀವು?”

“ಗಂಟೆ ಯಾಕಪ್ಪ ಹೊಡೀಲಿ? ಪೂಜೆ ಚಾನಲ್ಲಿನೋರು ಹೊಡ್ಕೊಳ್ಲಿ ಅಂತ ಬಿಟ್ಟಿದ್ದೆ.”

ಒತ್ತಿದ. ಉತ್ತರ ಬಂದು ತಿಂಗಳುಗಳೇ ಆಗಿತ್ತು. ಯಾರೋ ಗುರುತಿಲ್ಲದವರು ಬರೆದಿದ್ದರು: ‘ತಪ್ಪು. ಮೂರನೇ ಸಾಲಿಗೆ ಮುಂಚೆ ತೆಗೆದುಕೊಂಡಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಕೇಳಿ.’

ಪುಟ್ಟಸ್ವಾಮಣ್ಣ ಅದನ್ನು ಓದಿದರು. ಇನ್ನೊಂದು ಸಲ ಓದಿದರು. “ಸಿಕ್ಕಿದ್ನಲ್ಲ ಒಬ್ಬ!” ಎಂದರು. “ಲೋ ನಾಗ, ಇಯರ್‌ಫೋನ್ ಕೊಡ್ಲಾ ಇಲ್ಲಿ.”

ಹಾಡು ಕೇಳಿದರು. ಹಿಂದಕ್ಕೆ ಹಾಕಿ ಮತ್ತೆ ಕೇಳಿದರು. ಶೈಲಾ ಗಡಿಯಾರ ತೋರಿಸಿ ರೈಲಿಗೆ ಹೊತ್ತಾಯಿತು ಅಂದಳು. ಅವರಿಗೆ ಕೇಳಿಸಲಿಲ್ಲ. ಮಾಣಿ ಬಂದು ಮತ್ತೇನು ಬೇಕು ಅಂದ. ನಾನು ಇನ್ನೆರಡು ಬೈ-ಟು ಹೇಳಿದೆ.

“ಬರಿ ನಾಗ” ಎಂದು ಪುಟ್ಟಸ್ವಾಮಣ್ಣ ಹೋಟೆಲಿಗೆಲ್ಲ ಕೇಳುವಂತೆ ಹೇಳಿದರು. “ಅದು ಉಸಿರಲ್ಲ ಕಣಪ್ಪ, ಪಿಟೀಲಿನ ಕಮಾನು. ನೀನು ಇನ್ನೊಂದ್ಸಲ ಕೇಳು. ಹಿಂಗೇ ಬರಿ. ಕೆಳಗೆ ನನ್ ಹೆಸರು, ಊರು ಎರಡೂ ಹಾಕು.”